ರಿಯಾಯಿತಿ ಯಾರಿಗೆ?

ಕಳೆದ ರಮಝಾನಿನ ಕೊನೆಯ ವಾರ ನಾವು ಮನೆಮಂದಿಯೆಲ್ಲ ಈದ್‌ನ ಬಟ್ಟೆ ಕೊಳ್ಳಲು ಹೊರಟೆವು. ಬ್ರಹ್ಮಾವರದಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಕೆಲವು ವರ್ಷಗಳ ಹಿಂದೆ ಗದ್ದೆಯಾಗಿದ್ದ ಜಾಗದಲ್ಲಿ, ಗಾಜಿನ ಗೋಡೆಯ ದೊಡ್ಡ ಮಳಿಗೆಯೊಂದು ಎದ್ದಿದೆ. 'ಫ್ಯಾಕ್ಟರಿ ಔಟ್‌ಲೆಟ್' ಎಂಬ ಬೋರ್ಡು. ಕಂಪೆನಿಯ ಮಾಲು ದಲ್ಲಾಳಿಗಳ ಕೈ ದಾಟದೆ ನೇರವಾಗಿ ಗಿರಾಕಿಗೆ ಸಿಗುತ್ತದೆ, ಹಾಗಾಗಿ ಅಗ್ಗ ಎಂಬುದು ಅದರ ಅರ್ಥ. ಬಾಗಿಲಲ್ಲಿ ಕಾವಲಿನವನು ನಮ್ಮ ಕೈಚೀಲ ತೆಗೆದಿಟ್ಟುಕೊಂಡು ಟೋಕನ್ ಕೊಟ್ಟ. ಒಳಗೆ ತಂಪು ಗಾಳಿ, ಮೆಲ್ಲನೆ ಹಾಡು, ಸಾಲುಸಾಲು ಅಂಗಿಗಳು. ಪ್ರತಿ ಅಂಗಿಯ ಕೊರಳಿಗೂ ಒಂದು ಚೀಟಿ. ಚೀಟಿಯಲ್ಲಿ ಎರಡು ಬೆಲೆ: ಮೇಲಿನದಕ್ಕೆ ಗೀಟು ಎಳೆದಿದೆ, ಕೆಳಗಿನದನ್ನು ಕೆಂಪು ಅಕ್ಷರದಲ್ಲಿ ಬರೆದಿದೆ. ಗೋಡೆಯ ಮೇಲೆ ದೊಡ್ಡದಾಗಿ 'ಶೇಕಡಾ 50 ರಿಯಾಯಿತಿ'.

ನಮ್ಮೊಡನೆ ಖಾಲಾ ಇದ್ದರು. ತಾಯಿಯ ತಂಗಿ, ಎಪ್ಪತ್ತು ದಾಟಿದವರು. ಮೊಮ್ಮಗನಿಗೆಂದು ಒಂದು ಅಂಗಿ ಆರಿಸಿ, ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, ಅಲ್ಲಿ ನಿಂತಿದ್ದ ಹುಡುಗಿಯನ್ನು ಕೇಳಿದರು: "ಕಡಿಗ್ ಎಷ್ಟಕ್ ಕೊಡ್ತ್ರಿ?"

ಹುಡುಗಿ ನಕ್ಕಳು. "ಅಜ್ಜಿ, ಇಲ್ಲ್ ಕಡ್ಮಿ ಮಾಡುಕಿಲ್ಲೆ. ಚೀಟಿಯಗ್ ಇಪ್ಪುದೇ ರೇಟ್."

"ಹಂಗಾರೆ ರಿಯಾಯ್ತಿ ಅಂದೇಳಿ ಎಂತಕ್ ಬರದ್ದ್? ಯಾರಿಗ್ ರಿಯಾಯ್ತಿ?"

ಹುಡುಗಿಯ ಬಳಿ ಉತ್ತರವಿರಲಿಲ್ಲ. ನಮ್ಮ ಬಳಿಯೂ ಇರಲಿಲ್ಲ. ಮಕ್ಕಳು ಮುಜುಗರದಿಂದ ಖಾಲಾರ ಕೈ ಹಿಡಿದು ಮುಂದಕ್ಕೆ ಕರೆದೊಯ್ದರು. ಆದರೆ ಆ ಪ್ರಶ್ನೆ ನಮ್ಮ ಜೊತೆ ಮನೆಯವರೆಗೂ ಬಂತು. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ನಮ್ಮ ಕರಾವಳಿಯ ಹಳೆಯ ಪೇಟೆಗಳಲ್ಲಿ ಒಂದು ಸುತ್ತು ತಿರುಗಿ ಬರುವ ಪ್ರಯತ್ನ.

ಮಾತಿನ ಬೇರು

ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಆಮೇಲೆ ಕನ್ನಡ ಶಾಲೆಗೆ ಹೋದ ನಮ್ಮಂಥವರಿಗೆ ಒಂದು ಚಟ ಅಂಟಿರುತ್ತದೆ. ಮಾತು ಸಿಕ್ಕಿದ ಕೂಡಲೇ ಅದು ಯಾವ ಮನೆಯದು ಎಂದು ಕೇಳುವುದು. ಕನ್ನಡದ ಪೇಟೆಯಲ್ಲಿ ಹೀಗೆ ಕೇಳುತ್ತಾ ಹೋದರೆ ಅರಬಿ, ಫಾರ್ಸಿಗಳ ನೆಂಟರು ಬಹಳ ಮಂದಿ ಸಿಗುತ್ತಾರೆ. ಬಂದರು, ಬಜಾರು, ದಲ್ಲಾಳಿ, ಖರೀದಿ, ನಗದು, ಬಾಕಿ, ರಶೀದಿ, ಹರಾಜು. ಸರಕಿಗೆ ನಾವು ಹೇಳುವ 'ಮಾಲು' ಕೂಡ ಅರಬಿಯದೇ. ಇಂದಿನ 'ಮಾಲ್' ಮಾತ್ರ ಬೇರೆ ಮನೆಯದು. ಚೆಂಡನ್ನು ಕೊಡತಿಯಿಂದ ಹೊಡೆಯುವ 'ಪಾಲ್ ಮಾಲ್' ಎಂಬ ಆಟದಿಂದ ಲಂಡನ್ನಿನ ಒಂದು ಬೀದಿಗೆ ಆ ಹೆಸರು ಬಂತು, ಅಡ್ಡಾಡುವ ಜಾಗಕ್ಕೆಲ್ಲ ಅದೇ ಹೆಸರಾಯಿತು, ಕೊನೆಗೆ ಅಂಗಡಿಗಳ ಸಮುಚ್ಚಯಕ್ಕೆ ಅಂಟಿಕೊಂಡಿತು.

'ರಿಯಾಯಿತಿ' ಅರಬಿಯ 'ರಿಆಯತ್'. ಅದರ ಮೂಲ ಅರ್ಥ ಬೆಲೆ ಇಳಿಸುವುದಲ್ಲ. ಕಾಳಜಿ ವಹಿಸುವುದು, ಎದುರಿನವರ ಸ್ಥಿತಿಗತಿ ನೋಡಿ ನಡೆದುಕೊಳ್ಳುವುದು. ಕುರಿ ಕಾಯುವವನಿಗೆ 'ರಾಈ' ಎನ್ನುವುದು ಇದೇ ಬೇರಿನಿಂದ. ಅವನು ಕಾಯುವ ಮಂದೆ 'ರಈಯತ್'. ದೊರೆ ಕಾಯಬೇಕಾದ ಪ್ರಜೆಗೂ ಆ ಹೆಸರು ಬಂದು, ಕನ್ನಡಕ್ಕೆ ಇಳಿದು 'ರೈತ' ಎಂದಾಯಿತು. ರೈತ ಮತ್ತು ರಿಯಾಯಿತಿ ಒಂದೇ ಬೇರಿನ ಎರಡು ಚಿಗುರು.

ಹಾಗಾದರೆ ಮುಖ ನೋಡದೆ ಕೊಡುವ ರಿಯಾಯಿತಿ ಮಾತಿನ ಲೆಕ್ಕದಲ್ಲಿ ರಿಯಾಯಿತಿಯೇ ಅಲ್ಲ. ಖಾಲಾಗೆ ಅರಬಿ ವ್ಯಾಕರಣ ಗೊತ್ತಿಲ್ಲ. ಆದರೂ ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ಹಲರು ಮತ್ತು ಹಂಜಮಾನ

ಕುಂದಾಪುರ, ಬೈಂದೂರು, ಬ್ರಹ್ಮಾವರ ಇಂದು ಉಡುಪಿ ಜಿಲ್ಲೆಯ ಮೂರು ತಾಲೂಕುಗಳು. ಕೊನೆಯ ಎರಡು ತಾಲೂಕುಗಳಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ನಕ್ಷೆ ಹೊಸದಾದರೂ ನೆಲ ಹಳೆಯದು. ಇಲ್ಲಿ ಊರು ಎಂದರೆ ಬಯಲುಸೀಮೆಯ ಹಾಗೆ ಒತ್ತಾಗಿ ಕೂಡಿಕೊಂಡ ಮನೆಗಳ ಸಾಲಲ್ಲ. ಒಂದು ತೋಟ, ಒಂದು ಗದ್ದೆ, ನಡುವೆ ಒಂದು ಮನೆ, ಮತ್ತೆ ಒಂದು ತೋಡು. ಘಟ್ಟದಿಂದ ಕಡಲಿಗೆ ಓಡುವ ನದಿಗಳು ನೆಲವನ್ನು ತುಂಡು ತುಂಡು ಮಾಡಿವೆ. ಕುಂದಾಪುರ, ಗಂಗೊಳ್ಳಿಗಳ ನಡುವೆ ಐದು ನದಿಗಳು ಕಡಲು ಸೇರುತ್ತವೆ, ಅದಕ್ಕೇ ಪಂಚಗಂಗಾವಳಿ ಎಂಬ ಹೆಸರು. ಇಂಥ ಕಡೆ ಮನೆಯ ಹತ್ತಿರ ನಿತ್ಯದ ಅಂಗಡಿ ನಡೆಯುವುದು ಕಷ್ಟ. ಜನರೇ ವಾರಕ್ಕೊಮ್ಮೆ ದೋಣಿ ಬಂದು ನಿಲ್ಲುವ ಕಡೆ ಕೂಡಬೇಕು. ಸಂತೆ ಹುಟ್ಟಿದ್ದು ಹಾಗೆ. ದೊಡ್ಡ ಹಡಗು ಬರುವ ಕಡೆ ಬಂದರು ಹುಟ್ಟಿತು.

ಅಂಥ ಎರಡು ದೊಡ್ಡ ಬಂದರು ಪಟ್ಟಣಗಳು ಈ ನೆಲದಲ್ಲಿದ್ದವು. ಸೀತಾನದಿಯ ಬದಿಯ ಬಾರಕೂರು ಇಂದು ಬ್ರಹ್ಮಾವರ ತಾಲೂಕಿನಲ್ಲಿದೆ. ವಾರಾಹಿಯ ಬದಿಯ ಬಸ್ರೂರು ಕುಂದಾಪುರ ತಾಲೂಕಿನಲ್ಲಿದೆ. ಬಾರಕೂರು ಆಳುಪರ ರಾಜಧಾನಿಯಾಗಿತ್ತು, ಆಮೇಲೆ ವಿಜಯನಗರದ ಒಂದು ರಾಜ್ಯದ ಕೇಂದ್ರವಾಯಿತು. ಪಟ್ಟಣ ಕೇರಿಗಳಾಗಿ ಹಂಚಿಹೋಗಿತ್ತು. ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಬಸ್ರೂರಿನಲ್ಲಿ ಮೂಡುಕೇರಿ, ಪಡುವಕೇರಿಗಳು. ಈ ಕೇರಿಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಭೆಯನ್ನು ಶಾಸನಗಳು 'ಹಲರು' ಎಂದು ಕರೆಯುತ್ತವೆ. ಹಲರು ಎಂದರೆ ಹಲವರು, ಅಷ್ಟೇ. ಒಬ್ಬನ ಹೆಸರಿಲ್ಲ, ಜಾತಿಯ ಹೆಸರೂ ಇಲ್ಲ.

ಹಲರ ಜೊತೆಯಲ್ಲೇ ಈ ಕರಾವಳಿಯ ಶಾಸನಗಳಲ್ಲಿ ಇನ್ನೊಂದು ಸಂಘದ ಹೆಸರು ಬರುತ್ತದೆ: 'ಹಂಜಮಾನ'. ಫಾರ್ಸಿಯ 'ಅಂಜುಮನ್' ಎಂಬುದೇ ಇದರ ಮೂಲವೆಂದೂ, ಕಡಲಾಚೆಯಿಂದ ಬಂದು ನೆಲೆಸಿದ ಮುಸ್ಲಿಂ ವರ್ತಕರ ಕೂಟವೇ ಇದೆಂದೂ ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ನೆರೆಯ ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್ ಎಂಬ ವಿದ್ಯಾಸಂಸ್ಥೆ ಹುಟ್ಟಿದಾಗ ಆ ಮಾತು ಇಲ್ಲಿಗೆ ಹೊಸದೆಂದು ಎಷ್ಟೋ ಜನ ತಿಳಿದಿದ್ದಿರಬೇಕು. ಅದು ಹಲವು ಶತಮಾನಗಳ ಮೊದಲೇ ಕನ್ನಡದ ನಾಲಿಗೆಗೆ ಒಗ್ಗಿ, ಹಕಾರ ಸೇರಿಸಿಕೊಂಡು, ಕಲ್ಲಿನ ಮೇಲೆ ಕೂತಿತ್ತು.

ಕಡಲ ದಾರಿಯ ಗಿರಾಕಿ

ಈ ಪೇಟೆಗಳಿಗೆ ಬಂದು ಹೋದವರಲ್ಲಿ ತನ್ನ ಅನುಭವ ಬರೆದಿಟ್ಟವನು ಮೊರಾಕ್ಕೊದ ಇಬ್ನ್ ಬತೂತ. ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟವನು 1342ರ ಸುಮಾರಿಗೆ ಈ ದಾರಿಯಲ್ಲಿ ಸಾಗಿದ. ಅವನ ಬರಹದ 'ಅಬೂ ಸರೂರ್' ನಮ್ಮ ಬಸ್ರೂರು, 'ಫಾಕನೂರ್' ನಮ್ಮ ಬಾರಕೂರು. ಬಸ್ರೂರು ಹಿನ್ನೀರಿನ ಬದಿಯ ಸಣ್ಣ ಊರು, ತೆಂಗು ವಿಪುಲ ಎಂದು ಬರೆದ. ಅಲ್ಲಿನ ಮುಸ್ಲಿಮರ ಮುಖ್ಯಸ್ಥ ಬಡವರಿಗೂ ಫಕೀರರಿಗೂ ಇದ್ದದ್ದನ್ನೆಲ್ಲ ಕೊಟ್ಟು ಮುಗಿಸಿದ ಉದಾರಿ ಎಂದ. ಬಾರಕೂರಿನ ಕಬ್ಬಿನ ಸವಿಗೆ ಎಣೆಯಿಲ್ಲ ಎಂದು ಹೊಗಳಿದ. ಶುಕ್ರವಾರದ ನಮಾಝಿಗೆ ಮಸೀದಿಯೂ ಖಾಝಿಯೂ ಇದ್ದುದನ್ನು ದಾಖಲಿಸಿದ.

ಬತೂತ ಹೊಗಳಿದ ಆ ಕಬ್ಬಿನ ಋಣ ನಮ್ಮಲ್ಲಿ ಇನ್ನೂ ತೀರಿಲ್ಲ. ಕೋಟೇಶ್ವರದ ಕೊಡಿ ಹಬ್ಬಕ್ಕೆ ಬಂದ ನವದಂಪತಿಗಳು ಇಂದಿಗೂ ಕಬ್ಬು ಕೊಂಡೇ ಮನೆಗೆ ಹೋಗುವುದು. ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೊಂದು ಹುಟ್ಟಿ, ಕೆಲವು ಕಾಲ ಕಬ್ಬು ಅರೆದು, ಮುಚ್ಚಿಯೂ ಹೋಯಿತು.

ಬಾರಕೂರಿನ ದೊರೆ ಬತೂತನ ತಂಡಕ್ಕೆ ಮೂರು ದಿನ ಆತಿಥ್ಯ ನೀಡಿದ. ದೆಹಲಿಯ ಸುಲ್ತಾನನ ಮೇಲಿನ ಗೌರವ ಒಂದು ಕಾರಣ, ಹಡಗಿನ ಜನರೊಡನೆ ವ್ಯಾಪಾರ ಮಾಡಿ ಲಾಭ ಗಳಿಸುವ ಆಸೆ ಇನ್ನೊಂದು ಎಂದು ಬತೂತ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಆ ದೊರೆಯ ಬಳಿ ಮೂವತ್ತರಷ್ಟು ಯುದ್ಧನೌಕೆಗಳಿದ್ದವು, ಅವುಗಳ ಮುಖ್ಯಸ್ಥ ಒಬ್ಬ ಮುಸ್ಲಿಮ. ಹಾದುಹೋಗುವ ಹಡಗು ಬಂದರಿಗೆ ಬಂದು ಕಾಣಿಕೆ ಸಲ್ಲಿಸಲೇಬೇಕು. ತಪ್ಪಿಸಿಕೊಂಡರೆ ಬೆನ್ನಟ್ಟಿ ಎಳೆದುತಂದು ದುಪ್ಪಟ್ಟು ಸುಂಕ ಹಾಕುತ್ತಿದ್ದರು. ಅಂದಿನ ಪೇಟೆ ಪ್ರೀತಿಯ ತೊಟ್ಟಿಲಾಗಿತ್ತು ಎಂದು ನಾವು ಭ್ರಮಿಸಬೇಕಾಗಿಲ್ಲ. ಬಂದವನನ್ನು ಆದರಿಸುವ ಕೈಯೂ ಅಲ್ಲಿತ್ತು, ಕಿಸೆಗೆ ಹಾಕುವ ಕೈಯೂ ಇತ್ತು.

ಬತೂತ ಬರೆದದ್ದರಲ್ಲಿ ನಮ್ಮನ್ನು ಬಹಳ ಕಾಡಿದ್ದು ದಾರಿಬದಿಯ ನೀರಿನ ಸಂಗತಿ. ಈ ಕರಾವಳಿಯ ದಾರಿಯುದ್ದಕ್ಕೂ ಪ್ರತಿ ಅರ್ಧ ಮೈಲಿಗೆ ಒಂದು ಮರದ ಮಂಟಪ, ಕೂರಲು ಜಗಲಿ, ಬದಿಯಲ್ಲಿ ಬಾವಿ, ನೀರು ಕೊಡಲು ಒಬ್ಬ ಹಿಂದೂ. ಯಾವ ಧರ್ಮದವನೂ ಅಲ್ಲಿ ಕೂರಬಹುದು. ಬಂದವನು ಹಿಂದೂವಾದರೆ ನೀರು ಪಾತ್ರೆಯಲ್ಲಿ. ಮುಸ್ಲಿಮನಾದರೆ ಬೊಗಸೆಗೆ ಸುರಿಯುತ್ತಿದ್ದರು, ಸಾಕೆಂದು ಸನ್ನೆ ಮಾಡುವವರೆಗೂ. ಮುಸ್ಲಿಮರ ಮನೆಯಿಲ್ಲದ ಕಡೆ ಅಡುಗೆ ಮಾಡಿ ಬಾಳೆಲೆಯಲ್ಲಿ ಬಡಿಸುತ್ತಿದ್ದರು. ಮುಸ್ಲಿಮರ ಮನೆಗಳಿದ್ದ ಕಡೆ ದಾರಿಹೋಕರು ಬೇಕಾದುದನ್ನೆಲ್ಲ ಅವರಿಂದಲೇ ಕೊಳ್ಳುತ್ತಿದ್ದರು. ಆ ಮನೆಗಳಿಲ್ಲದಿದ್ದರೆ ಯಾವ ಮುಸ್ಲಿಮನೂ ಈ ನಾಡಿನಲ್ಲಿ ಪ್ರಯಾಣ ಮಾಡಲಾಗುತ್ತಿರಲಿಲ್ಲ ಎನ್ನುತ್ತಾನೆ.

ಇದನ್ನು ಸೌಹಾರ್ದವೆನ್ನೋಣವೇ, ಅಸ್ಪೃಶ್ಯತೆ ಎನ್ನೋಣವೇ? ಎರಡೂ ಹೌದು. ಬಾಯಾರಿದವನಿಗೆ ನೀರು ನಿರಾಕರಿಸಲಿಲ್ಲ, ಪಾತ್ರೆಯನ್ನು ಮಾತ್ರ ಕೊಡಲಿಲ್ಲ. ನಮ್ಮ ಪೇಟೆಗಳ ಚರಿತ್ರೆಯನ್ನು ಓದುವಾಗ ಈ ಬೊಗಸೆಯನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಕ್ಕಿಮುಡಿಯ ದಾರಿ

ಈ ಬಂದರುಗಳಿಂದ ಹೊರಹೋಗುತ್ತಿದ್ದ ಮುಖ್ಯ ಸರಕು ಅಕ್ಕಿ. ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಲ್ಲಿ ಬಿಗಿದು, ಚೆಂಡಿನಂತೆ ಗುಂಡಗೆ ಮಾಡಿದ ಮುಡಿ. ಒಂದು ಮುಡಿಗೆ ಮೂರು ಕಳಸಿಗೆ, ಕಳಸಿಗೆಗೆ ಹದಿನಾಲ್ಕು ಸೇರು, ಒಟ್ಟು ನಲವತ್ತೆರಡು ಸೇರು ಎಂಬ ಲೆಕ್ಕ ನಮ್ಮ ಹಿರಿಯರ ಬಾಯಲ್ಲಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಈ ಕರಾವಳಿಯ ಅಕ್ಕಿಯ ಬಗೆಗಳನ್ನೂ ಹುಲ್ಲು ಸುತ್ತಿದ ಮುಡಿಗಳನ್ನೂ ವಿವರಿಸಿದ್ದಾನೆ. ನಮ್ಮ ಗದ್ದೆಯ ಅಕ್ಕಿ ಮಲಬಾರಿನವರ ಹಸಿವನ್ನೂ ಕಡಲಾಚೆಯವರ ಹಸಿವನ್ನೂ ತಣಿಸುತ್ತಿತ್ತು.

ಅಕ್ಕಿ ಇದ್ದ ಕಡೆ ತೋಪು ಬಂತು. ಪೋರ್ಚುಗೀಸರು ತಮ್ಮ ರಹದಾರಿಯಿಲ್ಲದ ಹಡಗುಗಳನ್ನು ಹಿಡಿಯತೊಡಗಿದರು. 1569ರಲ್ಲಿ ಬಸ್ರೂರನ್ನು ವಶಪಡಿಸಿಕೊಂಡು ಕೋಟೆ ಕಟ್ಟಿದರು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಹೊರಗಟ್ಟಿದ. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಕಡಲಿನಿಂದ ಬಂದು ಬಸ್ರೂರನ್ನು ಸೂರೆ ಮಾಡಿತು. ಸೂರೆ ಮಾಡಿದವರಲ್ಲಿ ಯಾರೂ ಸಂಪತ್ತಿನ ಧರ್ಮ ಕೇಳಲಿಲ್ಲ. ಕ್ರಮೇಣ ಬಸ್ರೂರು ಮಂಕಾಯಿತು. ಕಡಲ ಬಾಯಿಗೆ ಹತ್ತಿರವಿದ್ದ ಕುಂದಾಪುರ, ಗಂಗೊಳ್ಳಿಗಳು ಮುಂದೆ ಬಂದವು.

1799ರಲ್ಲಿ ಕೆನರಾ ಬ್ರಿಟಿಷರ ಕೈಸೇರಿತು. 1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ಕುಂದಾಪುರದ ಸೀಮೆ ಮದ್ರಾಸಿನಲ್ಲಿ ಉಳಿಯಿತು. ಹೀಗೆ ಶಿರೂರು ಮತ್ತು ಭಟ್ಕಳದ ನಡುವೆ 1956ರವರೆಗೂ ಎರಡು ಆಡಳಿತಗಳ ಗಡಿ ಹಾದುಹೋಗಿತ್ತು. ನೆಂಟಸ್ತಿಕೆಯೂ ವ್ಯಾಪಾರವೂ ಆ ಗಡಿಯನ್ನು ದಾಟುತ್ತಲೇ ಇದ್ದವು.

ಶನಿವಾರದ ಸಂತೆ

ನಮ್ಮ ಬಾಲ್ಯದ ಪೇಟೆ ಎಂದರೆ ಕುಂದಾಪುರದ ಶನಿವಾರದ ಸಂತೆ. ಬ್ರಹ್ಮಾವರದಲ್ಲಿ ಸೋಮವಾರ. ಅಬ್ಬಾರ ಕೈಹಿಡಿದು ಹೋಗುತ್ತಿದ್ದೆವು. ಘಟ್ಟದ ಮೇಲಿನವರು ಈರುಳ್ಳಿ, ಒಣಮೆಣಸು ತರುತ್ತಿದ್ದರು. ಕಡಲಿನ ಕಡೆಯವರು ಒಣಮೀನು ಹರಡುತ್ತಿದ್ದರು. ಸುತ್ತಲಿನ ಹಳ್ಳಿಯ ಹೆಂಗಸರು ಹರಿವೆ, ಅಲಸಂಡೆ, ಸೌತೆ ಹಿಡಿದು ಗೋಣಿಯ ಮೇಲೆ ಕೂರುತ್ತಿದ್ದರು. ಮೇ ತಿಂಗಳ ಸಂತೆಗೆ ಬೇರೆಯೇ ಅವಸರ. ಮಳೆ ಹಿಡಿದರೆ ಕಡಲು ಮುಚ್ಚುತ್ತದೆ, ಹಾಗಾಗಿ ನಾಲ್ಕು ತಿಂಗಳ ಮೆಣಸು, ಹುಣಸೆ, ಒಣಮೀನು ಆಗಲೇ ಮನೆ ಸೇರಬೇಕು.

ಅಬ್ಬಾ ಸಂತೆಯೊಳಗೆ ಕಾಲಿಟ್ಟರೆ "ಹ್ವಾಯ್ ಸಾಯ್ಬ್ರೆ, ಇಲ್ಲ್ ಬನ್ನಿ, ಕಾಣಿ" ಎಂಬ ಕೂಗು. ಅವರು ಮೊದಲು ಬೆಲೆ ಕೇಳುತ್ತಿರಲಿಲ್ಲ. ಮಗಳಿಗೆ ಹೆರಿಗೆ ಆಯಿತಾ, ಗದ್ದೆ ನಾಟಿ ಆಯಿತಾ ಎಂದು ಕೇಳುತ್ತಿದ್ದರು. ಆಮೇಲೆ ಬೆಲೆ. ಆಮೇಲೆ ಜಗಳ. ಜಗಳದ ಕೊನೆಗೆ ಆಕೆ ಅಳೆದುಕೊಟ್ಟು, ಮೇಲೆ ಒಂದು ಹಿಡಿ ಹಾಕುತ್ತಿದ್ದಳು. ಆ ಹಿಡಿಗೆ ಕನ್ನಡದಲ್ಲಿ 'ಕೊಸರು' ಎಂಬ ಚೆಂದದ ಮಾತಿದೆ. ಅಳತೆ ಮುಗಿದ ಮೇಲೆ ಕೊಡುವುದು ಕೊಸರು, ಅದಕ್ಕೆ ಲೆಕ್ಕವಿಲ್ಲ. ಕುರ್‌ಆನಿನ 83ನೆಯ ಅಧ್ಯಾಯಕ್ಕೆ ಅಳತೆಯಲ್ಲಿ ಕಡಿತ ಮಾಡುವವರ ಹೆಸರೇ ಇದೆ. ಮದ್ರಸದಲ್ಲಿ ಅದನ್ನು ಬಾಯಿಪಾಠ ಮಾಡುತ್ತಿದ್ದ ನಮಗೆ ಕಡಿತಕ್ಕೆ ಎದುರಾದದ್ದು ಯಾವುದು ಎಂದು ತೋರಿಸಿಕೊಟ್ಟವಳು ಅಕ್ಷರ ಬಾರದ ಆ ಹೆಂಗಸು. ಕೈಯಲ್ಲಿ ಹಣ ಇಲ್ಲದ ವಾರ ಉದ್ರಿಯೂ ನಡೆಯುತ್ತಿತ್ತು. ಬರೆದಿಟ್ಟುಕೊಳ್ಳುವ ಪುಸ್ತಕ ಅವಳ ಬಳಿ ಇರಲಿಲ್ಲ, ನೆನಪಿತ್ತು.

ಆದರೆ ಸಂತೆಯಲ್ಲೂ ಬೊಗಸೆ ಇತ್ತು. ಎಲ್ಲರ ಸಾಮಾನು ಹೊತ್ತು ಒಯ್ಯುವ ಬುಟ್ಟಿಗಳನ್ನು ಹೆಣೆದು ತರುತ್ತಿದ್ದವರು ಕೊರಗರು. ಅವರು ಸಂತೆಯ ಅಂಚಿನಲ್ಲಿ ದೂರ ನಿಲ್ಲಬೇಕಿತ್ತು, ಹಣವನ್ನು ಕೈಗೆ ಕೊಡದೆ ನೆಲದ ಮೇಲೆ ಎಸೆಯುತ್ತಿದ್ದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗೆ ಎಸೆದವರಲ್ಲಿ ಮುಸ್ಲಿಮರೂ ಇದ್ದರು ಎಂಬುದನ್ನು ನಾವು ನುಂಗಿಕೊಳ್ಳಬಾರದು. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ 'ಅಜಲು' ಪದ್ಧತಿಯನ್ನು ಕರ್ನಾಟಕ ಕಾನೂನಿನ ಮೂಲಕ ನಿಷೇಧಿಸಿದ್ದು 2000ದಲ್ಲಿ. ಕೊಸರಿನ ಸಿಹಿಯನ್ನು ನೆನೆಯುವವರು ಯಾರಿಗೆ ಕೊಸರು ಸಿಗಲಿಲ್ಲ ಎಂಬುದನ್ನೂ ನೆನೆಯಬೇಕು.

ಶಿರೂರು ದಾಟಿದರೆ ದುಬೈ

ಔಟ್‌ಲೆಟ್ ಎಂಬ ಮಾತು ನಮ್ಮ ಕಿವಿಗೆ ಬೀಳುವ ಮೊದಲೇ ಅಂಥದೊಂದು ಪೇಟೆ ನಮ್ಮ ಪಕ್ಕದಲ್ಲಿತ್ತು. 1970ರ ದಶಕದಲ್ಲಿ ಕೊಲ್ಲಿಯ ಎಣ್ಣೆಗೆ ಬೆಲೆ ಏರಿತು. ಭಟ್ಕಳ, ಶಿರೂರು, ಬೈಂದೂರು, ಗಂಗೊಳ್ಳಿಗಳಿಂದ ಯುವಕರು ದುಬೈ, ಸೌದಿ, ಕುವೈತ್‌ಗಳಿಗೆ ಹೊರಟರು. ಅವರ ಹಿರಿಯರಲ್ಲಿ ಹಡಗು ನಡೆಸಿದ ನಾಖುದಾಗಳಿದ್ದರು, ಅರಬಿ ಕಡಲು ಅವರಿಗೆ ಹೊಸದಲ್ಲ. ರಜೆಗೆ ಬರುವಾಗ ಪೆಟ್ಟಿಗೆ ತುಂಬ ಸಾಮಾನು. ದೇಶದಲ್ಲಿ ಆಮದಿಗೆ ಬಿಗಿ ಕಟ್ಟುಪಾಡು ಇದ್ದ ಕಾಲವದು. ಹಾಗಾಗಿ ಹೊರದೇಶದ ವಸ್ತು ಎಂದರೆ ಜನಕ್ಕೆ ಹುಚ್ಚು. ಭಟ್ಕಳದಲ್ಲಿ ಫಾರಿನ್ ಸಾಮಾನಿನ ಅಂಗಡಿಗಳು ಎದ್ದವು, 'ದುಬೈ ಮಾರ್ಕೆಟ್' ಎಂಬ ಹೆಸರೇ ಬಂತು. ಬ್ರಹ್ಮಾವರ, ಕುಂದಾಪುರಗಳಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಬೈಂದೂರಿನವರಿಗಂತೂ ಕುಂದಾಪುರಕ್ಕಿಂತ ಭಟ್ಕಳವೇ ಹತ್ತಿರ.

ನಮ್ಮ ಅಕ್ಕನ ಮದುವೆಗೆ ಹದಿನೈದು ದಿನ ಇರುವಾಗ ನಾವೂ ಹೋದೆವು. ಸೆಂಟಿನ ಬಾಟಲಿ, ಟಾರ್ಚು, ಟೇಪ್ ರೆಕಾರ್ಡರು, ಜಾರುವ ನುಣುಪಿನ ಸೀರೆ, ಡಬ್ಬಿಯ ಹಾಲಿನ ಪುಡಿ. ಒಂದೇ ಅಂಗಡಿಯಲ್ಲಿ ನವಾಯತಿ, ಉರ್ದು, ಕೊಂಕಣಿ, ಕನ್ನಡ ಕೇಳಿಸುತ್ತಿತ್ತು. ಪಕ್ಕದಲ್ಲಿ ಕುಂದಾಪುರದ ಕಡೆಯ ಬಂಟರ ಕುಟುಂಬವೊಂದು ಮಗಳ ಮದುವೆಗೆಂದು ಅದೇ ಸಾಮಾನು ಆರಿಸುತ್ತಿತ್ತು. ಅವರ ಹೆಂಗಸರೂ ನಮ್ಮ ಅಮ್ಮಿಯೂ ಸೇರಿ ಅಂಗಡಿಯವರ ಜೊತೆ ಚೌಕಾಸಿಗೆ ನಿಂತರು. ಇಬ್ಬರೂ ತೆಗೆದುಕೊಳ್ಳುತ್ತೇವೆ, ಇಬ್ಬರಿಗೂ ಇಳಿಸಿ ಎಂದರು. ಇಳಿಸಿದರು. ಮನೆಗೆ ತಂದ 'ಜಪಾನಿ' ಟೇಪ್ ರೆಕಾರ್ಡರು ಮದುವೆಯ ದಿನವೇ ಹಾಡು ನಿಲ್ಲಿಸಿತು. ಬಿಚ್ಚಿ ನೋಡಿದ ರಿಪೇರಿಯವನು ಇದು ಕಡಲು ಕಂಡದ್ದೇ ಅಲ್ಲ, ಬೊಂಬಾಯಿ ಪಕ್ಕದ ಉಲ್ಲಾಸನಗರದ್ದು ಎಂದು ನಕ್ಕ. ಮೋಸ ಹೊಸದಲ್ಲ. ಬೆಲೆಯ ಚೀಟಿ ಮಾತ್ರ ಹೊಸದು.

ಆ ಸಾಮಾನುಗಳ ನಿಜವಾದ ಬೆಲೆಯನ್ನು ಬೇರೆಯವರು ತೆರುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಬರುವ ಗಂಡ, ಬಂದಾಗ ಅಪ್ಪನ ಗುರುತು ಹಿಡಿಯದ ಮಗು, ಕಾಗದಕ್ಕಾಗಿ ಅಂಚೆಯವನ ದಾರಿ ಕಾಯುವ ಹೆಂಡತಿ. ನಮ್ಮ ಕೇರಿಯ ಕತೆಗಳಲ್ಲಿ ಅರ್ಧಕ್ಕರ್ಧ ಅವೇ. 1991ರ ಆರ್ಥಿಕ ಉದಾರೀಕರಣದ ನಂತರ ಆಮದು ಸಡಿಲವಾಯಿತು. ದುಬೈಯಲ್ಲಿ ಸಿಗುವುದೆಲ್ಲ ಉಡುಪಿಯಲ್ಲೂ ಸಿಗತೊಡಗಿತು. ಫಾರಿನ್ ಎಂಬ ಮಾತಿನ ಮಂತ್ರಶಕ್ತಿ ಇಳಿಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು, ಹೆದ್ದಾರಿ ಅಗಲವಾಯಿತು. ದೂರದ ಪೇಟೆ ತಾನೇ ನಮ್ಮ ಬಾಗಿಲಿಗೆ ಬಂತು.

ಔಟ್‌ಲೆಟ್ ಬಂದದ್ದು

ಔಟ್‌ಲೆಟ್ಟಿನ ಹುಟ್ಟು ಅಮೆರಿಕದ್ದು. ಹೊಲಿಗೆ ತಪ್ಪಿದ, ಬಣ್ಣ ಮಾಸಿದ, ಮಿಕ್ಕುಳಿದ ಬಟ್ಟೆಯನ್ನು ಕಾರ್ಖಾನೆಗಳು ಮೊದಲು ತಮ್ಮ ಕೆಲಸಗಾರರಿಗೇ ಅಗ್ಗಕ್ಕೆ ಮಾರುತ್ತಿದ್ದವು. ಆಮೇಲೆ ಹೊರಗಿನವರಿಗೂ ಬಾಗಿಲು ತೆರೆದವು. 1974ರಲ್ಲಿ ಪೆನ್ಸಿಲ್ವೇನಿಯಾದ ರೆಡಿಂಗ್ ಎಂಬ ಊರಿನಲ್ಲಿ ಹಲವು ಮಳಿಗೆಗಳನ್ನು ಒಂದೆಡೆ ಸೇರಿಸಿದ ಔಟ್‌ಲೆಟ್ ಕೇಂದ್ರ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಮಾರತಹಳ್ಳಿ ಇಂಥ ಮಳಿಗೆಗಳಿಂದಲೇ ಹೆಸರಾಯಿತು. ಬೆಂಗಳೂರಿನಲ್ಲಿ ಹೋಟೆಲು, ಬೇಕರಿ ನಡೆಸುವ ನಮ್ಮ ಕಡೆಯವರು ಹಬ್ಬಕ್ಕೆ ಊರಿಗೆ ಬರುವಾಗ ಅಲ್ಲಿಂದ ಬಟ್ಟೆಯ ಗಂಟು ತರುತ್ತಿದ್ದರು. ಈಗ ಅದೇ ಬೋರ್ಡು ನಮ್ಮ ಹೆದ್ದಾರಿಯಲ್ಲೂ ಇದೆ.

ಕಾಲ ಕಳೆದಂತೆ ಲೆಕ್ಕ ಬದಲಾಯಿತು. ಮಿಕ್ಕ ಮಾಲು ಎಷ್ಟೆಂದು ಸಿಗುತ್ತದೆ? ಔಟ್‌ಲೆಟ್ಟಿಗೆಂದೇ ಬೇರೆಯಾಗಿ, ಅಗ್ಗದ ಬಟ್ಟೆಯಲ್ಲಿ ಹೊಲಿಸುವ ಕಂಪೆನಿಗಳು ಹುಟ್ಟಿಕೊಂಡವು. ಅಂಥ ಅಂಗಿಯ ಚೀಟಿಯಲ್ಲಿ ಗೀಟು ಎಳೆದ ಮೇಲಿನ ಬೆಲೆಗೆ ಆ ಅಂಗಿ ಎಂದೂ ಮಾರಾಟವಾಗಿರುವುದಿಲ್ಲ. ಇಳಿಸುವುದಕ್ಕೆಂದೇ ಏರಿಸಿದ ಬೆಲೆ ಅದು. ಸಂತೆಯ ಹೆಂಗಸೂ ಮೊದಲು ಹೆಚ್ಚು ಹೇಳಿ ಆಮೇಲೆ ಇಳಿಸುತ್ತಿದ್ದಳಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಆಕೆ ಯಾರಿಗೆ ಎಷ್ಟು ಇಳಿಸಬೇಕೆಂದು ಮುಖ ನೋಡಿ ತೀರ್ಮಾನಿಸುತ್ತಿದ್ದಳು. ಬಡವಿಗೆ ಹೆಚ್ಚು, ಇದ್ದವರಿಗೆ ಕಡಿಮೆ. ಇಲ್ಲಿ ಇಳಿಸುವವನು ಎಲ್ಲೋ ಕೂತಿದ್ದಾನೆ, ಅವನಿಗೆ ಖಾಲಾ ಯಾರೆಂದು ಗೊತ್ತಿಲ್ಲ. ಎದುರಿಗೆ ನಿಂತ ಹುಡುಗಿಗೆ ಖಾಲಾರ ಮುಖ ಕಾಣುತ್ತದೆ, ಇಳಿಸುವ ಅಧಿಕಾರವಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಅದೇ ದಿನ ಬಿಲ್ಲಿನ ಸಾಲಿನಲ್ಲಿ ನಾವು ನಿಂತಿದ್ದಾಗ ಸುತ್ತ ನೋಡಿದೆವು. ಮುಂದೆ ಬುರ್ಖಾದ ಇಬ್ಬರು ಹುಡುಗಿಯರು, ಹಿಂದೆ ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ದಂಪತಿ, ಅವರ ಹಿಂದೆ ಕಾರಿನಲ್ಲಿ ಬಂದ ಕುಟುಂಬ. ಎಲ್ಲರ ಕೈಯಲ್ಲೂ ಒಂದೇ ಬಗೆಯ ಬುಟ್ಟಿ. ಯಾರನ್ನೂ ಜಾತಿ ಕೇಳಲಿಲ್ಲ, ದೂರ ನಿಲ್ಲಿ ಎನ್ನಲಿಲ್ಲ, ಹಣವನ್ನು ನೆಲದ ಮೇಲೆ ಎಸೆಯಲಿಲ್ಲ. ಕುಡಿಯುವ ನೀರಿನ ನಲ್ಲಿಯ ಪಕ್ಕ ಎಲ್ಲರಿಗೂ ಒಂದೇ ಲೋಟ. ಬತೂತನ ದಾರಿಯಲ್ಲಿ ಸಿಗದಿದ್ದ ಪಾತ್ರೆ ಇಲ್ಲಿ ಸಿಕ್ಕಿದೆ. ಈ ಸಣ್ಣ ಸಮಾನತೆಯನ್ನು, ಅದು ಹಣದ ಮೇಲೆ ನಿಂತ ಸಮಾನತೆ ಎಂದು ಗೊತ್ತಿದ್ದೂ, ಹಗುರವಾಗಿ ಕಾಣಲು ನಮಗೆ ಮನಸ್ಸು ಬರಲಿಲ್ಲ.

ಪಾತ್ರೆಯೂ ಕೊಸರೂ

ಇಂದು ನಮ್ಮ ಮುಂದಿರುವ ಚಿಂತೆ ಸಂತೆ ಒಳ್ಳೆಯದೋ ಮಾಲ್ ಒಳ್ಳೆಯದೋ ಎಂಬುದಲ್ಲ. 2022ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಕಾಪುವಿನ ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿಯ ಜಾಗ ಇಲ್ಲವೆಂದಾಯಿತು. ಕರಾವಳಿಯ ಬೇರೆ ಕೆಲವು ಜಾತ್ರೆಗಳಲ್ಲೂ ಅಂಥ ಫಲಕಗಳು ಕಾಣಿಸಿದವು. ಹಿಜಾಬ್ ತೀರ್ಪಿನ ಬಳಿಕ ಮುಸ್ಲಿಮರು ಅಂಗಡಿ ಮುಚ್ಚಿ ಬಂದ್ ಆಚರಿಸಿದ್ದಕ್ಕೆ ಇದು ಉತ್ತರ ಎಂದು ಕೆಲವರು ಹೇಳಿದರು. ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಾಗ ಅಂದಿನ ಸರಕಾರ ಧಾರ್ಮಿಕ ದತ್ತಿ ಕಾನೂನಿನಡಿ 2002ರಲ್ಲಿ ರೂಪಿಸಿದ ನಿಯಮವೊಂದನ್ನು ಮುಂದಿಟ್ಟಿತು. ಆ ನಿಯಮ ದೇವಸ್ಥಾನದ ಆವರಣದ ಜಾಗವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆನ್ನುತ್ತದೆ. ನಿಯಮದ ವ್ಯಾಪ್ತಿ ಎಷ್ಟು ಎಂಬುದು ವಕೀಲರ ಚರ್ಚೆ. ನಮ್ಮ ಕಣ್ಣಿಗೆ ಕಂಡದ್ದು ಬಳೆ, ಬಲೂನು, ಆಟಿಕೆ ಹೊತ್ತು ಜಾತ್ರೆಯಿಂದ ಜಾತ್ರೆಗೆ ತಿರುಗಿ ವರ್ಷದ ಅನ್ನ ದುಡಿಯುತ್ತಿದ್ದ ಬಡವರು.

ಹಲರೂ ಹಂಜಮಾನವೂ ಅಕ್ಕಪಕ್ಕ ಕೂತಿದ್ದ ನೆಲ ಇದು. ಆ ಕಾಲದ ದೊರೆಗಳು ದೇವಮಾನವರಾಗಿದ್ದರೆಂದಲ್ಲ. ಹೊರಗಿನವನು ಬಾರದಿದ್ದರೆ ತನ್ನ ಅಕ್ಕಿ ತನ್ನ ಕಣಜದಲ್ಲೇ ಹುಳ ಹಿಡಿಯುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಪಾತ್ರೆ ಮುಟ್ಟಿಸಿಕೊಳ್ಳದವನೂ ಬಾವಿಯ ಬಳಿ ನೀರು ಸುರಿಯಲು ಒಬ್ಬನನ್ನು ಕೂರಿಸಿದ್ದ. ಏಳು ಶತಮಾನಗಳ ನಂತರ ನಾವು ಆ ಬೊಗಸೆಯನ್ನು ದಾಟಿ ಪಾತ್ರೆಯತ್ತ ಹೋಗಬೇಕಿತ್ತು. ಮಾಲಿನ ಒಳಗೆ ಹೋಗಿದ್ದೇವೆ. ಜಾತ್ರೆಯ ಬಯಲಿನಲ್ಲಿ ಬೊಗಸೆಯ ನೀರನ್ನೂ ಕಳೆದುಕೊಳ್ಳುತ್ತಿದ್ದೇವೆ. ಕಾರ್ಡಿನಿಂದ ಹಣ ಕೊಡುವ ಗಿರಾಕಿಗೆ ಎಲ್ಲ ಬಾಗಿಲೂ ತೆರೆದಿದೆ. ನೆಲದ ಮೇಲೆ ಗೋಣಿ ಹಾಸಿ ಕೂರುವ ಮಾರುವವನ ಹೆಸರನ್ನು ಮಾತ್ರ ಕೇಳುತ್ತಾರೆ.

ಮುಸ್ಲಿಮರಾದ ನಾವೂ ಇಲ್ಲಿ ಬರೀ ದೂರುಗಾರರಾಗಿ ನಿಲ್ಲುವಂತಿಲ್ಲ. ನಮ್ಮವರದೇ ಅಂಗಡಿಯಲ್ಲಿ ಮಾತ್ರ ಕೊಳ್ಳಿ ಎಂಬ ಮಾತು ನಮ್ಮ ನಡುವೆಯೂ ಪಿಸುಗುಟ್ಟುತ್ತದೆ. ಅಂಥ ಮಾತು ಯಾವ ಬಾಯಿಂದ ಬಂದರೂ ಅದು ಹಲರನ್ನು ಒಡೆಯುವ ಮಾತು. ಪೇಟೆಯಲ್ಲಿ ನಮಗೆ ಪಾತ್ರೆಯೂ ಬೇಕು, ಕೊಸರೂ ಬೇಕು. ಒಂದು ಹಕ್ಕು, ಇನ್ನೊಂದು ಅಕ್ಕರೆ. ಹಕ್ಕನ್ನು ಕಾನೂನು ಕೊಡಬಹುದು. ಅಕ್ಕರೆಯನ್ನು ಮುಖ ನೋಡಿ ಮಾತಾಡುವ ಮನುಷ್ಯರೇ ಕೊಡಬೇಕು.

ಔಟ್‌ಲೆಟ್ಟಿನ ಅಂಗಿಯನ್ನು ಖಾಲಾ ಕೊನೆಗೂ ಕೊಂಡರು. ಮೊಮ್ಮಗನಿಗೆ ಅದೇ ಬೇಕಿತ್ತು. ಮರುದಿನ ಶನಿವಾರ. ಈದ್‌ನ ಅಡುಗೆಗೆ ಕೊತ್ತಂಬರಿ, ಹಸಿಮೆಣಸು ಬೇಕೆಂದು ನಮ್ಮನ್ನು ಸಂತೆಗೆ ಕರೆದೊಯ್ದರು. ಅವರಷ್ಟೇ ವಯಸ್ಸಾದ ಹೆಂಗಸೊಬ್ಬರು ಹಸಿಮೆಣಸು ತೂಗಿ, ಮೇಲೆ ಒಂದು ಹಿಡಿ ಹಾಕಿ, "ಹಬ್ಬ ಯಾವತ್ತ್ ಅಮಾ?" ಎಂದು ಕೇಳಿದರು. "ಚಂದ್ರ ಕಂಡ್ರೆ ನಾಳೆ" ಎಂದರು ಖಾಲಾ. ಹಿಂದಿರುಗುವಾಗ ಚೀಲ ನಮ್ಮ ಕೈಗೆ ಕೊಟ್ಟು, "ಇದರಲ್ಲಿ ಕೊಸರು ಯಾವುದು, ತೂಕದ್ದು ಯಾವುದು ಹೇಳು ನೋಡೋಣ" ಎಂದರು. ಎಲ್ಲ ಒಂದರಲ್ಲೊಂದು ಬೆರೆತುಹೋಗಿತ್ತು.